ದೀಪ ಮಾತ್ರ

ಹದಿನಾಲ್ಕನೆಯ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ಒಬ್ಬ ಹೆಂಗಸು ತನ್ನ ಅಕ್ಕನ ಜೊತೆ ಠಾಣೆಯ ಮೆಟ್ಟಿಲು ಹತ್ತಿದಳು. ನಡಿಗೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ, ಆದರೂ ಅಕ್ಕ ಅವಳ ತೋಳು ಬಿಡಲಿಲ್ಲ. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದ. ಹೆಂಗಸಿಗೆ ನಲವತ್ತೊಂದು ವರ್ಷ, ಕಸುಬು ವಿಮಾನ ನಡೆಸುವುದು. ಎರಡೇ ಆಸನದ ಪುಟ್ಟ ವಿಮಾನದಲ್ಲಿ ವಿದ್ಯುತ್ ಕಂಬಗಳ ಸಾಲಿನ ಪಕ್ಕದಲ್ಲೇ ತಗ್ಗಾಗಿ ಹಾರುತ್ತಾ ತಂತಿ ಎಲ್ಲಿ ಜೋತಿದೆ, ತಂತಿ ಹಿಡಿದ ಪಿಂಗಾಣಿ ಬಿಲ್ಲೆ ಎಲ್ಲಿ ಒಡೆದಿದೆ ಎಂದು ನೋಡಿ ಹೇಳುವ ಕೆಲಸವನ್ನು ಹದಿನೆಂಟು ವರ್ಷದಿಂದ ಮಾಡುತ್ತಿದ್ದಳು.

ಏನಾಯಿತು ಎಂದು ಕೇಳಿದಾಗ ಅವಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಇನ್ಸ್‌ಪೆಕ್ಟರ್ ಕಡೆ ನೋಡಿದಳು.

"ಈಗ ನಿಮ್ಮ ಮುಖ ಇಲ್ಲ. ಕಿವಿ ಎರಡೂ ಇವೆ, ಟೋಪಿ ಇದೆ. ನಡುವೆ ಏನೂ ಇಲ್ಲ."

ಪಕ್ಕದ ಮೇಜಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಕೂತಿದ್ದ. ಠಾಣೆಯ ಯಾವ ಕಾಗದ ಯಾವ ಕಟ್ಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವನಾದ್ದರಿಂದ ಎಲ್ಲರೂ ಅವನನ್ನು ದಫ್ತರ ಎಂದೇ ಕರೆಯುತ್ತಿದ್ದರು. ಇನ್ಸ್‌ಪೆಕ್ಟರಿಗೆ ಮುಖವಿಲ್ಲ ಎಂದು ಬೇರೆ ಯಾರಾದರೂ ಹೇಳಿದ್ದರೆ ದಫ್ತರ ಒಂದು ವಾರ ನಗುತ್ತಿದ್ದ. ಈಗ ಪೆನ್ನಿನ ಮುಚ್ಚಳ ತೆಗೆದು ಸುಮ್ಮನೆ ಬರೆಯತೊಡಗಿದ.

ಕಣ್ಣಿನ ಡಾಕ್ಟರ ಪತ್ರ ಅಕ್ಕನ ಚೀಲದಲ್ಲಿತ್ತು. ಬಲಗಣ್ಣಿನ ಒಳಪರದೆ ಸರಿಯಾಗಿ ನಡುವೆ ಸುಟ್ಟಿದೆ, ಲೇಸರ್ ಬೆಳಕಿನಿಂದ ಹೀಗಾಗುತ್ತದೆ, ಇದು ವಾಸಿಯಾಗುವಂಥದ್ದಲ್ಲ ಎಂದು ಅದರಲ್ಲಿ ಬರೆದಿತ್ತು. ಶುಕ್ರವಾರ ಹದಿನೆಂಟಕ್ಕೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು, ಅವರು ಲೈಸೆನ್ಸ್ ವಾಪಸ್ ತಗೊಳ್ಳುತ್ತಾರೆ ಎಂದು ಅವಳೇ ಹೇಳಿದಳು. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು. ಅಕ್ಕ ಮಾತ್ರ ಮುಖ ಆ ಕಡೆ ತಿರುಗಿಸಿಕೊಂಡಳು.

ಘಟನೆ ನಡೆದದ್ದು ಒಂಬತ್ತನೆಯ ತಾರೀಕು, ಬುಧವಾರ, ಮಧ್ಯಾಹ್ನ ಮೂರು ಹತ್ತರ ಸುಮಾರಿಗೆ. ಬೆಳಕು ಎಲ್ಲಿಂದ ಬಂತು ಎಂದರೆ ಬೆಳಕೇ ಕಾಣಲಿಲ್ಲ ಎಂದಳು. ಒಂದು ಮಂಕು ಕೆಂಪು ಚುಕ್ಕೆ ಕಂಡ ಹಾಗಾಯಿತು, ಅಷ್ಟೆ. ಐದು ನಿಮಿಷ ಬಿಟ್ಟು ಎತ್ತರ ಎಷ್ಟಿದೆ ಎಂದು ನೋಡಲು ಹೋದರೆ ಬಲಗಣ್ಣಿಗೆ ಅಂಕಿ ಕಾಣಲಿಲ್ಲ. ಎಡಗಣ್ಣೊಂದರಲ್ಲೇ ವಿಮಾನ ಇಳಿಸಿದ್ದಳು. ಮಕ್ಕಳು ಆಟಕ್ಕೆ ಬಿಡುವ ಲೇಸರ್ ಪೆನ್ನು ಇರಬಹುದಾ ಎಂದು ದಫ್ತರ ಕೇಳಿದ. ಹಗಲು ಹೊತ್ತು, ಆ ವೇಗದಲ್ಲಿ, ಪೆನ್ನಿನಿಂದ ಇದು ಸಾಧ್ಯವಿಲ್ಲವೆಂದು ಡಾಕ್ಟರೇ ಹೇಳಿದ್ದರು.

ಹನ್ನೊಂದು ಇಪ್ಪತ್ತೈದಕ್ಕೆ ಎಫ್‌ಐಆರ್ ಸಂಖ್ಯೆ 117 ದಾಖಲಾಯಿತು. ಆರೋಪಿ: ಅಪರಿಚಿತ ವ್ಯಕ್ತಿ. ಎದ್ದು ಹೊರಡುವಾಗ ಪೈಲಟ್ ಬಾಗಿಲಲ್ಲಿ ನಿಂತಳು.

"ಬೇಕಂತ ಮಾಡಿದ್ರಾ, ಇಲ್ಲ ಯಾರೋ ಸರಿಯಾಗಿ ನೋಡ್ಕೊಳ್ಲಿಲ್ವಾ? ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಆಕೆಯ ವಿಮಾನದಲ್ಲಿ ದಾರಿ ಗುರುತಿಸುವ ಯಂತ್ರವಿತ್ತು. ಅಂದು ಸಂಜೆಯೊಳಗೆ ದಫ್ತರ ಅದರ ದಾಖಲೆ ತರಿಸಿ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ಮೂರು ಗಂಟೆ ಹನ್ನೆರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ವಿಮಾನ ಊರಾಚೆಯ ಗುಡ್ಡಕ್ಕೆ ನಾನೂರು ಮೀಟರ್ ದೂರದಲ್ಲಿತ್ತು. ಆ ಗುಡ್ಡದ ನೆತ್ತಿಯ ಮೇಲೆ ಒಂದು ಬಿಳಿ ಗುಮ್ಮಟ ಇದೆ. ನಕ್ಷತ್ರ ನೋಡುವ ಜಾಗ ಎಂದೇ ಊರಿನವರೆಲ್ಲ ತಿಳಿದಿದ್ದರು. ಇನ್ಸ್‌ಪೆಕ್ಟರೂ ಅದನ್ನೇ ತಿಳಿದಿದ್ದ.

ಮಂಗಳವಾರ ಒಂಬತ್ತೂವರೆಗೆ ಜೀಪು ಗುಡ್ಡ ಹತ್ತಿತು. ಇನ್ಸ್‌ಪೆಕ್ಟರ್, ದಫ್ತರ, ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಅದು ನಕ್ಷತ್ರದ ಜಾಗವಲ್ಲ, ಒಂದು ಕಂಪನಿಯ ನೆಲನಿಲ್ದಾಣ. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯಷ್ಟೇ ಇಸ್ತ್ರಿಯ ಮಾತಿನವನು. ತಮ್ಮ ಕೆಲಸವನ್ನು ಬಂದ ಗಣ್ಯರಿಗೆಲ್ಲ ವಿವರಿಸಿ ಅಭ್ಯಾಸವಿತ್ತು, ಪೊಲೀಸರಿಗೂ ಹಾಗೇ ವಿವರಿಸಿದ.

ಗುಮ್ಮಟದಿಂದ ಒಂದು ಲೇಸರ್ ಕಿರಣ ಹೊರಡುತ್ತದೆ. ಮೂವತ್ತು ಕಿಲೋಮೀಟರ್ ಆಚೆ, ಎತ್ತರದಲ್ಲಿ ಹಾರುವ ಕಂಪನಿಯ ವಿಮಾನ ಆ ಕಿರಣವನ್ನು ಗುರುತು ಹಿಡಿದು ತನ್ನ ಕಿರಣವನ್ನು ಗುಮ್ಮಟದ ಕನ್ನಡಿಗೆ ಬಿಡುತ್ತದೆ. ಎರಡೂ ಒಂದನ್ನೊಂದು ಹಿಡಿದುಕೊಂಡರೆ ಲಿಂಕ್ ಆಯಿತು. ಆಮೇಲೆ ವಿಮಾನ ತೆಗೆದ, ರೇಡಿಯೊದಲ್ಲಿ ಕಳಿಸಲು ಇಡೀ ದಿನ ಹಿಡಿಯುವ ಚಿತ್ರಗಳು ನಿಮಿಷಗಳಲ್ಲಿ ಕೆಳಗಿಳಿಯುತ್ತವೆ. ಓಡುವ ಬಸ್ಸಿನಿಂದ ಕೈ ಚಾಚಿ ರಸ್ತೆ ಬದಿಯಲ್ಲಿ ನಿಂತವನ ಸೂಜಿಗೆ ದಾರ ಪೋಣಿಸಿದ ಹಾಗೆ ಎಂದು ಮ್ಯಾನೇಜರ್ ಹೆಮ್ಮೆಪಟ್ಟ.

"ಕಿರಣ ಕಣ್ಣಿಗೆ ಕಾಣುತ್ತಾ?"

"ಇಲ್ಲ."

"ಕಣ್ಣಿಗೆ ಬಿದ್ದರೆ?"

ಮ್ಯಾನೇಜರ್ ಲೋಟ ಎತ್ತಿ ನೀರು ಕುಡಿದ. ಅದಕ್ಕೇ ಛಾವಣಿಯ ಮೇಲೆ ಒಬ್ಬ ಕಾವಲುಗಾರ ಇರುತ್ತಾನೆ ಎಂದ. ದೊಡ್ಡ ವಿಮಾನಗಳನ್ನು ರಾಡಾರು ಹಿಡಿಯುತ್ತದೆ. ತಗ್ಗಾಗಿ ಬರುವ ಸಣ್ಣವು ತಪ್ಪಿಸಿಕೊಳ್ಳಬಹುದು. ಆದ್ದರಿಂದ ಕಿರಣ ಬಿಟ್ಟಷ್ಟು ಹೊತ್ತು ಒಬ್ಬ ಮನುಷ್ಯ ತನ್ನ ಸ್ವಂತ ಕಣ್ಣಲ್ಲಿ ಆಕಾಶ ನೋಡುತ್ತಿರಬೇಕೆಂಬ ನಿಯಮವಿದೆ. ಹಾರುವುದು ಏನೇ ಹತ್ತಿರ ಬಂದರೂ ಮುಂದಿರುವ ಪೆಟ್ಟಿಗೆಯ ಗುಂಡಿ ಒತ್ತಬೇಕು. ಒತ್ತಿದರೆ ಗುಮ್ಮಟದೊಳಗೆ ಕಿರಣಕ್ಕೆ ಅಡ್ಡಲಾಗಿ ಲೋಹದ ಕದ ಬೀಳುತ್ತದೆ, ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಲಿಂಕ್ ಕಡಿದುಹೋಗುತ್ತದೆ. ಮತ್ತೆ ಹಿಡಿಯುವುದು ನಿಮಿಷಗಳ ಕೆಲಸ, ಅಷ್ಟರಲ್ಲಿ ಅಂದಿನ ಪರೀಕ್ಷೆ ನೆಗೆದುಬಿದ್ದು ಹೋಗಿರುತ್ತದೆ. ಇಪ್ಪತ್ತು ನಿಮಿಷ ಎಡೆಬಿಡದೆ ಲಿಂಕ್ ನಿಂತರೆ ಮಾತ್ರ ಪರೀಕ್ಷೆ ಪಾಸು. ಹನ್ನೊಂದು ಸಲ ಪ್ರಯತ್ನಿಸಿ ಹನ್ನೊಂದು ಸಲವೂ ಸೋತಿದ್ದರು, ಅದರಲ್ಲಿ ಎಂಟು ಸಲ ಛಾವಣಿಯ ಗುಂಡಿಯಿಂದ. ಎಂಟಕ್ಕೆ ಎಂಟೂ ಹದ್ದುಗಳು.

ಹನ್ನೆರಡನೆಯ ಪ್ರಯತ್ನ ಗೆದ್ದಿತ್ತು. ತಾರೀಕು ಒಂಬತ್ತು, ಮಧ್ಯಾಹ್ನ ಮೂರರಿಂದ ಮೂರು ಇಪ್ಪತ್ತೆರಡರವರೆಗೆ. ಎಲ್ಲರೂ ಸಾಲಾಗಿ ನಿಂತು ಕೇಕ್ ಕತ್ತರಿಸುವ ಫೋಟೋ ಮ್ಯಾನೇಜರ್ ತಲೆಯ ಹಿಂದೆ ನೇತುಹಾಕಿತ್ತು.

ಛಾವಣಿಯ ಕಾವಲುಗಾರನಿಗೆ ಅರವತ್ತೆಂಟು ವರ್ಷ. ಮೂವತ್ತನಾಲ್ಕು ವರ್ಷ ಒಂದು ವಿಮಾನ ನಿಲ್ದಾಣದ ಓಡುದಾರಿಯ ಮೇಲಿಂದ ಹಕ್ಕಿಗಳನ್ನು ಅಟ್ಟುವ ಕೆಲಸ ಮಾಡಿ ನಿವೃತ್ತರಾದವರು. ಅವರ ಮಗಳು ಇದೇ ನಿಲ್ದಾಣದ ಲಿಂಕ್ ಇಂಜಿನಿಯರ್. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಗೋಡೆ ನೋಡಿಕೊಂಡು ಕೂರತೊಡಗಿದರೆಂದು ಹದಿನಾಲ್ಕು ತಿಂಗಳ ಹಿಂದೆ ಅವಳೇ ಅವರನ್ನು ಕರೆತಂದು ಛಾವಣಿ ಹತ್ತಿಸಿದ್ದಳು. ಅಲ್ಲಿಂದ ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಕಾಶ ಕಾಯುತ್ತಿದ್ದರು. ಅಷ್ಟೊಂದು ಕಾಯುವುದು ಯಾರಿಗೂ ಬೇಕಾಗಿರಲಿಲ್ಲ. ಕಂಟ್ರೋಲ್ ರೂಮಿನವರು ಅವರಿಗೆ ಹದ್ದಿನ ತಾತ ಎಂದು ಹೆಸರಿಟ್ಟಿದ್ದರು.

ಹದ್ದಿನ ತಾತ ಛಾವಣಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಇನ್ಸ್‌ಪೆಕ್ಟರ್ ಕೇಳುವ ಮೊದಲೇ ಒಂದು ಉದ್ದನೆಯ ಪುಸ್ತಕ ತೆಗೆದು ಒಂಬತ್ತನೆಯ ತಾರೀಕಿನ ಪುಟ ತೋರಿಸಿದರು. ಅಡ್ಡಗೆರೆ ಉದ್ದಗೆರೆಗಳನ್ನು ಅಳತೆಪಟ್ಟಿ ಇಟ್ಟು ಎಳೆದಿದ್ದರು. ಅಕ್ಷರ ದುಂಡಗಿತ್ತು.

"3.12. ಸಣ್ಣ ವಿಮಾನ, ಉತ್ತರದಿಂದ, ತಗ್ಗು. ಒತ್ತಿದೆ. ದೀಪ ಹತ್ತಿತು. 3.14. ದೂರ ಹೋಯಿತು. ಬಿಟ್ಟೆ."

ಕೆಳಗೆ ಬಂದು ಮ್ಯಾನೇಜರನ್ನು ಕೇಳಿದರೆ ಅವನು ಕಂಪ್ಯೂಟರಿನ ದಾಖಲೆ ಅಚ್ಚುಹಾಕಿಸಿ ಕೊಟ್ಟ. ಗುಮ್ಮಟದ ಕದ ಬಿದ್ದಾಗಲೆಲ್ಲ ಕಂಪ್ಯೂಟರ್ ತಾನಾಗಿ ಒಂದು ಸಾಲು ಬರೆದುಕೊಳ್ಳುತ್ತದೆ. ಒಂಬತ್ತನೆಯ ತಾರೀಕು ಅಂಥ ಸಾಲು ಒಂದೂ ಇರಲಿಲ್ಲ. ಇಪ್ಪತ್ತೆರಡು ನಿಮಿಷವೂ ಕದ ತೆರೆದೇ ಇತ್ತು.

ಇನ್ಸ್‌ಪೆಕ್ಟರ್ ಮತ್ತೆ ಮೇಲೆ ಹೋಗಿ, ಈಗ ಒತ್ತಿ ಎಂದ. ತಾತ ಒತ್ತಿದರು. ಕೆಂಪು ದೀಪ ಹತ್ತಿತು, ಗುಮ್ಮಟದೊಳಗೆ ನಿಂತಿದ್ದ ದಫ್ತರನಿಗೆ ಕದ ಠಪ್ ಎಂದು ಬಿದ್ದದ್ದು ಕೇಳಿಸಿತು, ಕೆಳಗೆ ಕಂಪ್ಯೂಟರಿನಲ್ಲಿ ಸಾಲು ಮೂಡಿತು. ಮೂರು ಸಲ ಒತ್ತಿಸಿದರೂ ಅದೇ. ಗುಂಡಿ ಸರಿಯಾಗಿದೆ. ಹಾಗಿದ್ದರೆ ಅಂದು ಒತ್ತಿದ್ದು ಸುಳ್ಳು, ಅಥವಾ ಕನಸು.

"ಪಾಪ, ವಯಸ್ಸಾಯ್ತು ಅವ್ರಿಗೆ," ಎಂದ ಮ್ಯಾನೇಜರ್. "ಬಿಸಿಲಲ್ಲಿ ಜೊಂಪು ಹತ್ತಿರುತ್ತೆ. ಎದ್ದ ಮೇಲೆ ಪುಸ್ತಕ ತುಂಬಿಸಿರ್ತಾರೆ." ಮನುಷ್ಯನ ಮೇಲೆ ತಪ್ಪು ಹೊರಿಸಲು ಪಾಪ ಎಂಬ ಮಾತಿನಷ್ಟು ಒಳ್ಳೆಯ ಹಗ್ಗ ಇನ್ನೊಂದಿಲ್ಲ.

ಲಿಂಕ್ ಇಂಜಿನಿಯರನ್ನು ಕರೆಸಿದರು. ಮೂವತ್ತಾರು ವರ್ಷ, ಗಿಡ್ಡ ಕೂದಲು, ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಕಲೆಗಳು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅವರನ್ನು ಹೊರಗೆ ಕಳಿಸಿ ಕೇಳಬೇಕಿತ್ತು, ಇನ್ಸ್‌ಪೆಕ್ಟರ್ ಕಳಿಸಲಿಲ್ಲ. ಆಮೇಲೆ ಅದಕ್ಕಾಗಿ ತನ್ನನ್ನು ತಾನೇ ಬೈದುಕೊಂಡ.

"ನಿಮ್ಮ ತಂದೆ ಅವತ್ತು ಗುಂಡಿ ಒತ್ತಿದ್ರಾ?"

"ನಾನು ಕೆಳಗಿದ್ದೆ."

"ಪುಸ್ತಕದಲ್ಲಿ ಒತ್ತಿದೆ ಅಂತಿದೆ. ಯಂತ್ರದಲ್ಲಿ ಇಲ್ಲ."

ಅವಳು ಅಪ್ಪನ ಕಡೆ ನೋಡದೆ ಹೇಳಿದಳು. "ಯಂತ್ರ ಸುಳ್ಳು ಹೇಳಲ್ಲ ಸರ್."

ತಾತ ತಮ್ಮ ಪುಸ್ತಕವನ್ನು ಮುಚ್ಚಿ, ಮತ್ತೆ ತೆರೆದು, ತಾವು ಬರೆದ ಸಾಲನ್ನೇ ಬೇರೆ ಯಾರೋ ಬರೆದಿದ್ದಾರೇನೋ ಎಂಬಂತೆ ಓದಿಕೊಂಡರು. ದಫ್ತರ ಪುಸ್ತಕವನ್ನೂ ಹದಿನಾಲ್ಕು ತಿಂಗಳ ಕಂಪ್ಯೂಟರ್ ದಾಖಲೆಯನ್ನೂ ವಶಪಡಿಸಿಕೊಂಡು ರಸೀದಿ ಬರೆದುಕೊಟ್ಟ.

ಹದಿನಾರನೆಯ ತಾರೀಕು, ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ಠಾಣೆ ತೆರೆಯುವಾಗ ತಾತ ಬೆಂಚಿನ ಮೇಲೆ ಕೂತಿದ್ದರು. ಯಾರೂ ಕರೆಸಿರಲಿಲ್ಲ. ತಮ್ಮ ಹೇಳಿಕೆ ಬರೆದುಕೊಳ್ಳಬೇಕೆಂದರು.

"ಒತ್ತಿದ್ದು ನಂಗೆ ನೆನಪಿದೆ. ಬೆರಳಿಗೆ ನೆನಪಿದೆ. ಆದ್ರೆ ಮಗಳು ಯಂತ್ರದ ವಿಷಯದಲ್ಲಿ ಯಾವತ್ತೂ ತಪ್ಪಿದವಳಲ್ಲ. ಹಾಗಾದ್ರೆ ನನ್ನ ತಲೇನೇ ಕೆಟ್ಟಿರ್ಬೇಕು ಸಾಹೇಬ್ರೆ. ಒಬ್ಬ ಹೆಣ್ಮಗಳ ಕಣ್ಣು ಹೋಯ್ತು ನನ್ನಿಂದ."

ಮಹಿಳಾ ಕಾನ್‌ಸ್ಟೇಬಲ್ ಅವರಿಗೆ ಟೀ ತಂದುಕೊಟ್ಟಳು. ಇನ್ಸ್‌ಪೆಕ್ಟರ್ ಆ ಹೇಳಿಕೆ ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಮೇಲಧಿಕಾರಿ ಮುಗಿಸು ಎಂದು ಫೋನಿನಲ್ಲಿ ಎರಡು ಸಲ ಹೇಳಿಯೂ ಆಗಿತ್ತು. ಕನ್ನಡಕವಿಲ್ಲದೆ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದುವ, ನಿನ್ನೆ ಬೆಳಿಗ್ಗೆ ಗುಡ್ಡಕ್ಕೆ ಬಂದ ಜೀಪಿನ ನಂಬರನ್ನು ಈವತ್ತು ತಪ್ಪಿಲ್ಲದೆ ಹೇಳುವ ಮನುಷ್ಯ ತನಗೆ ಹುಚ್ಚು ಹಿಡಿದಿದೆ ಎಂದು ನಂಬಲು ಹೊರಟಿದ್ದ. ಅದನ್ನು ನೋಡಿ ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಇನ್ನೂ ಗೊತ್ತಿರಲಿಲ್ಲ.

"ನೀವು ಒತ್ತಿದಾಗ ಲಿಂಕ್ ಹೋಗ್ಬೇಕಿತ್ತಲ್ಲ. ಅವತ್ತು ಹೋಗ್ಲಿಲ್ಲ. ನಿಮಗೆ ಅನುಮಾನ ಬರ್ಲಿಲ್ವಾ?"

ಬಂದಿತ್ತು ಎಂದರು ತಾತ. ಕೇಕ್ ತಿನ್ನುವಾಗ ಮಗಳನ್ನು ಕೇಳಿಯೂ ಇದ್ದರು. ಇತ್ತೀಚೆಗೆ ಹೊಸ ವ್ಯವಸ್ಥೆ ಹಾಕಿದ್ದೇವೆ ಅಪ್ಪಾ, ಕದ ಬಿದ್ದರೂ ಲಿಂಕ್ ಬಿಟ್ಟುಹೋಗಲ್ಲ ಎಂದು ಅವಳು ಹೇಳಿದ್ದಳು. ಅವರು ನಂಬಿದ್ದರು. ಇತ್ತೀಚೆಗೆ ಎಂದರೆ ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ಎರಡು ಮೂರು ವಾರ ಇರಬಹುದು, ಈಗ ಕೆಳಗೆ ಯಾರೂ ಬೈಯುತ್ತಿಲ್ಲ ಎಂದರು.

ಅವರನ್ನು ಮನೆಗೆ ಕಳಿಸಿ ಮೂವರೂ ಕೂತರು. ಮಹಿಳಾ ಕಾನ್‌ಸ್ಟೇಬಲ್ ತಾತನ ಪುಸ್ತಕದಿಂದ ಒಂದೊಂದೇ ಸಾಲು ಓದುವುದು, ದಫ್ತರ ಕಂಪ್ಯೂಟರಿನ ಹಾಳೆಯಲ್ಲಿ ಅದನ್ನು ಹುಡುಕಿ ಗುರುತು ಹಾಕುವುದು. ಹದ್ದು, ಒತ್ತಿದೆ. ಇದೆ. ಕೊಕ್ಕರೆ ಹಿಂಡು, ಒತ್ತಿದೆ. ಇದೆ. ಹದ್ದು, ಹದ್ದು, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ. ಈ ಮುದುಕ ಸೊಳ್ಳೆಯನ್ನೂ ಬಿಟ್ಟಿಲ್ಲ ಎಂದು ದಫ್ತರ ಗೊಣಗಿದ. ಆದರೆ ಹನ್ನೆರಡೂವರೆಯ ಹೊತ್ತಿಗೆ ಅವನ ಗೊಣಗಾಟ ನಿಂತಿತ್ತು.

ಹಿಂದಿನ ತಿಂಗಳ ಹದಿನೆಂಟರವರೆಗೆ ತಾತ ಅರವತ್ತೊಂದು ಸಲ ಒತ್ತಿದ್ದರು. ಕಂಪ್ಯೂಟರಿನಲ್ಲೂ ಅರವತ್ತೊಂದು ಸಾಲು, ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ಹತ್ತೊಂಬತ್ತರಿಂದ ಈ ತಿಂಗಳ ಒಂಬತ್ತರವರೆಗೆ ಪುಸ್ತಕದಲ್ಲಿ ಇಪ್ಪತ್ತಾರು, ಕಂಪ್ಯೂಟರಿನಲ್ಲಿ ಸೊನ್ನೆ. ಹತ್ತನೆಯ ತಾರೀಕಿನಿಂದ ಮತ್ತೆ ನಾಲ್ಕಕ್ಕೆ ನಾಲ್ಕು.

"ಮೂರು ವಾರ ತಲೆ ಕೆಟ್ಟು ಹತ್ತನೇ ತಾರೀಕು ಸರಿ ಹೋಯ್ತಾ?" ಎಂದ ಇನ್ಸ್‌ಪೆಕ್ಟರ್. ದಫ್ತರ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಕೆಟ್ಟಿದ್ದು ತಲೆಯಲ್ಲ ಸರ್, ತಂತಿ ಎಂದ.

ಹದಿನೇಳನೆಯ ತಾರೀಕು, ಗುರುವಾರ, ಬೆಳಿಗ್ಗೆ ಹತ್ತು ಹದಿನೈದಕ್ಕೆ ಇಬ್ಬರು ಪಂಚರ ಸಮಕ್ಷಮ ಛಾವಣಿಯ ಪೆಟ್ಟಿಗೆ ಬಿಚ್ಚಿದರು. ಪಂಚರಲ್ಲಿ ಒಬ್ಬ ಗುಡ್ಡದ ಕೆಳಗಿನ ಸೈಕಲ್ ರಿಪೇರಿಯವನು, ಇನ್ನೊಬ್ಬಳು ಶಾಲೆಯ ಗುಮಾಸ್ತೆ. ಒಳಗೆ ಆರು ಬೆಸುಗೆಗಳು. ನಾಲ್ಕು ಮಂಕಾಗಿ ಬೂದು ಬಣ್ಣಕ್ಕೆ ತಿರುಗಿದ್ದವು, ಎರಡು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಗುಂಡಿಯಿಂದ ಗುಮ್ಮಟಕ್ಕೆ ಹೋಗುವ ತಂತಿಯನ್ನು ಒಮ್ಮೆ ಬಿಡಿಸಿ ಮತ್ತೆ ಹಾಕಿದ್ದು ಸ್ಪಷ್ಟವಿತ್ತು. ದೀಪದ ತಂತಿ ಹಾಗೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಕೈ ಪಳಗಿದವರ ಕೆಲಸ ಇದು ಎಂದು ಸೈಕಲ್ ರಿಪೇರಿಯವನು ತಲೆದೂಗಿದ. ಪಂಚನಾಮೆಯಲ್ಲಿ ಅದನ್ನು ಬರೆಯುವ ಹಾಗಿಲ್ಲ ಎಂದು ದಫ್ತರ ಅವನನ್ನು ಗದರಿದ.

ಪೆಟ್ಟಿಗೆ ರಿಪೇರಿ ಆಗಿತ್ತಾ ಎಂದು ಮ್ಯಾನೇಜರನ್ನು ಕೇಳಿದರು. ಗೊತ್ತಿಲ್ಲ, ಆದರೆ ಆಗಿದ್ದರೆ ಪುಸ್ತಕದಲ್ಲಿ ಇರಲೇಬೇಕು ಎಂದ ಅವನು ಉತ್ಸಾಹದಿಂದ ಎದ್ದು ಕಪಾಟು ತೆರೆದ. ನಮ್ಮಲ್ಲಿ ಒಂದು ಸ್ಕ್ರೂ ಬದಲಾಯಿಸಿದರೂ ಬರೆದು ಸಹಿ ಹಾಕಬೇಕು, ಪ್ರತಿ ಶುಕ್ರವಾರ ನಾನೇ ಪರಿಶೀಲಿಸುತ್ತೇನೆ, ಪೊಲೀಸರು ಬೇಕಾದರೆ ನಮ್ಮಿಂದ ಕಲಿಯಬಹುದು. ಹೀಗೆ ಹೇಳುತ್ತಾ ನೀಲಿ ರಟ್ಟಿನ ಬದಲಾವಣೆ ಪುಸ್ತಕವನ್ನು ಮೇಜಿನ ಮೇಲಿಟ್ಟ. ಲಿಂಕ್ ಇಂಜಿನಿಯರ್ ಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟಳು.

ಹಿಂದಿನ ತಿಂಗಳ ಹತ್ತೊಂಬತ್ತು, ಬೆಳಿಗ್ಗೆ 8.50: "ಛಾವಣಿ ಪೆಟ್ಟಿಗೆ. ಗುಂಡಿಯ ತಂತಿ ತೆಗೆದಿದೆ. ದೀಪ ಮಾತ್ರ."

ಈ ತಿಂಗಳ ಹತ್ತು, ಬೆಳಿಗ್ಗೆ 7.30: "ಛಾವಣಿ ಪೆಟ್ಟಿಗೆ. ತಂತಿ ಮತ್ತೆ ಹಾಕಿದೆ. ಯಥಾಸ್ಥಿತಿ."

ಎರಡರ ಮುಂದೆಯೂ ಅವಳ ಸಹಿ ಇತ್ತು. ಕೆಳಗೆ, ಆ ಎರಡರ ನಡುವಿನ ಮೂರೂ ಶುಕ್ರವಾರ, ಕೆಂಪು ಶಾಯಿಯಲ್ಲಿ ಪರಿಶೀಲಿಸಿದೆ ಎಂದು ಮ್ಯಾನೇಜರನ ಸಹಿ. ಮ್ಯಾನೇಜರ್ ಪುಟವನ್ನು ಎರಡು ಸಲ ಓದಿದ. ವಾರಕ್ಕೆ ನಲವತ್ತು ಪುಟ ಸಹಿ ಹಾಕುವವನು ಎಲ್ಲವನ್ನೂ ಓದಲು ಆಗುತ್ತದೆಯೇ ಎಂದ. ಅಷ್ಟು ಹೊತ್ತಿಗೆ ಅವನ ಅಂಗಿಯ ಇಸ್ತ್ರಿ ಕೆಟ್ಟಿತ್ತು.

ಇನ್ಸ್‌ಪೆಕ್ಟರ್ ಎಷ್ಟೋ ಆರೋಪಿಗಳನ್ನು ನೋಡಿದ್ದ. ಮಾಡಿದ ತಪ್ಪನ್ನು ಮುಚ್ಚಲು ನೂರು ಸುಳ್ಳು ಹೇಳುವವರನ್ನು ನೋಡಿದ್ದ. ಮಾಡಿದ ತಪ್ಪಿಗೆ ತಾರೀಕು, ವೇಳೆ ಬರೆದು ಸಹಿ ಹಾಕಿದವರನ್ನು ನೋಡಿರಲಿಲ್ಲ.

"ಬರೀದೇ ಇರ್ಬಹುದಿತ್ತಲ್ಲ?"

"ಬರೀದೆ ತಂತಿ ಮುಟ್ಟಿ ಅಭ್ಯಾಸ ಇಲ್ಲ."

"ಪುಟ ಹರೀಬಹುದಿತ್ತು."

"ಪುಟಕ್ಕೆ ನಂಬರ್ ಇದೆ ಸರ್."

ಅಪ್ಪ ಹದ್ದು ಬಿಡದೆ ಬರೆದಿದ್ದರು, ಮಗಳು ತಂತಿ ಬಿಡದೆ ಬರೆದಿದ್ದಳು. ನೂಲಿನಂತೆ ಸೀರೆ ಎಂದು ದಫ್ತರ ಮೆಲ್ಲಗೆ ಅಂದ. ಯಾರೂ ನಗಲಿಲ್ಲ.

ಮಧ್ಯಾಹ್ನ ಎರಡಕ್ಕೆ ತಾತನನ್ನು ಠಾಣೆಗೆ ಕರೆಸಿದರು. ಇನ್ಸ್‌ಪೆಕ್ಟರ್ ಮೊದಲು ಒಳ್ಳೆಯ ಸುದ್ದಿ ಹೇಳಿದ: ನಿಮ್ಮ ತಲೆ ಕೆಟ್ಟಿಲ್ಲ, ನೀವು ಸರಿಯಾದ ಹೊತ್ತಿಗೆ ಒತ್ತಿದ್ದಿರಿ. ತಾತ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಮೂರು ದಿನದಲ್ಲಿ ಮೊದಲ ಸಲ ಅವರ ಭುಜ ಕೆಳಗಿಳಿಯಿತು. ಆಮೇಲೆ ಇನ್ಸ್‌ಪೆಕ್ಟರ್ ಉಳಿದದ್ದನ್ನೂ ಹೇಳಿದ. ಗುಂಡಿಗೆ ತಂತಿ ಇರಲಿಲ್ಲ, ಬರೀ ದೀಪ ಹತ್ತುತ್ತಿತ್ತು, ತೆಗೆದವರು ಯಾರು ಎಂಬುದನ್ನು ಹೇಳಿದ. ಹೇಳದೆ ಇರಲು ದಾರಿ ಇರಲಿಲ್ಲ.

ಹೊರಗೆ ಯಾವುದೋ ಸೈಕಲ್ ಕಳವಿನ ದೂರು ಕೊಡಲು ಬಂದವನೊಬ್ಬ ದಫ್ತರನ ಜೊತೆ ಜಗಳವಾಡುತ್ತಿದ್ದ.

"ನಾನು ಒತ್ತಿಲ್ಲ ಅಂತ ಬರ್ಕೊಳ್ಳಿ," ಎಂದರು ತಾತ. "ಮುದುಕ, ಮಲಗಿಬಿಟ್ಟಿದ್ದ ಅಂತ ಬರ್ಕೊಳ್ಳಿ. ಎಲ್ಲರೂ ನಂಬ್ತಾರೆ. ನೆನ್ನೆ ನಾನೇ ನಂಬಿದ್ದೆ."

"ಆಗಲ್ಲ ತಾತ."

"ಯಾಕಾಗಲ್ಲ?"

"ನಿಮ್ಮ ಪುಸ್ತಕ ಇದೆಯಲ್ಲ. ಅದೇ ಸಾಕ್ಷಿ."

ಪುಸ್ತಕ ಕೊಟ್ಟುಬಿಡಿ ಎಂದು ಅವರು ಕೈ ಚಾಚಿದರು. ಅದು ವಶಪಡಿಸಿಕೊಂಡ ವಸ್ತು, ಕೊಡಲು ಬರುವುದಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

"ಮೂವತ್ತನಾಲ್ಕು ವರ್ಷ ಅಲ್ಲಿ, ಹದಿನಾಲ್ಕು ತಿಂಗಳು ಇಲ್ಲಿ. ಒಂದು ದಿನ ತಪ್ಪಿಸ್ಲಿಲ್ಲ ನಾನು. ಒಂದೇ ಒಂದು ದಿನ ಸೋಮಾರಿಯಾಗಿದ್ದಿದ್ರೆ ನನ್ ಮಗಳು ಉಳ್ಕೊಳ್ಳೋಳು."

ಅವರು ಒತ್ತಿದರು ಎಂದೇ ಹೇಳಿಕೆ ಸಿದ್ಧವಾಯಿತು. ತಾತ ಅದನ್ನು ಪೂರ್ತಿ ಓದಿ ಸಹಿ ಹಾಕಿದರು. ನಿಜವನ್ನು ಹೇಳಿದ್ದಕ್ಕೆ ಆ ಕೋಣೆಯಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ.

ನಾಲ್ಕು ಮೂವತ್ತೈದಕ್ಕೆ ಲಿಂಕ್ ಇಂಜಿನಿಯರನ್ನು ಬಂಧಿಸಿದ್ದಾಗಿ ದಾಖಲೆಯಾಯಿತು. ಪೈಲಟ್‌ಗೆ ಇನ್ಸ್‌ಪೆಕ್ಟರೇ ಫೋನ್ ಮಾಡಿದ. ಬೇಕಂತ ಮಾಡಿದ್ದಲ್ಲ, ನೋಡಿಕೊಳ್ಳುವವರು ನೋಡಿಕೊಂಡೇ ಇದ್ದರು, ಅವರ ಗುಂಡಿಯ ತಂತಿಯನ್ನು ಒಬ್ಬರು ತೆಗೆದಿದ್ದರು ಎಂದು ತಿಳಿಸಿದ. ಆಕೆ, ಅಂದರೆ ಒಬ್ಬರು ನನ್ನನ್ನು ನೋಡಿದ್ದರು ಎಂದಳು. ಹೌದು, ಮೂರು ಹನ್ನೆರಡಕ್ಕೆ ನೋಡಿದ್ದರು ಎಂದ ಇನ್ಸ್‌ಪೆಕ್ಟರ್. ಆಕೆ ಥ್ಯಾಂಕ್ಸ್ ಎಂದು ಹೇಳಿ ಫೋನ್ ಇಟ್ಟಳು. ಮಾರನೆಯ ದಿನ ಮಂಡಳಿ ಅವಳ ಲೈಸೆನ್ಸ್ ರದ್ದು ಮಾಡಿತು.

ವಿಚಾರಣೆ ಐದು ಗಂಟೆಗೆ ಶುರುವಾಯಿತು. ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿದ್ದಳು. ಹನ್ನೊಂದು ಸಲ ಸೋತ ಮೇಲೆ ಲಿಂಕ್ ಗೆಲ್ಲಲೇಬೇಕೆಂದು ತಂತಿ ತೆಗೆದಿರಾ ಎಂದು ಇನ್ಸ್‌ಪೆಕ್ಟರ್ ಕೇಳಿದ. ಹೌದೆಂದಳು. ಅಷ್ಟೇನಾ ಎಂದ. ಅವಳು ಬೆರಳಿನ ಸುಟ್ಟ ಕಲೆಯೊಂದನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಆಮೇಲೆ ಹೇಳತೊಡಗಿದಳು. ಹಿಂದಿನ ತಿಂಗಳು ಹದಿನೆಂಟರಂದು ಹನ್ನೊಂದನೆಯ ಪ್ರಯತ್ನ ನಡೆದಿತ್ತು. ಹತ್ತೊಂಬತ್ತು ನಿಮಿಷ ಲಿಂಕ್ ನಿಂತಿತ್ತು, ಇನ್ನೊಂದೇ ನಿಮಿಷ ಬಾಕಿ. ಅಪ್ಪ ಒಂದು ಹದ್ದಿಗೆ ಗುಂಡಿ ಒತ್ತಿದರು. ಕಂಟ್ರೋಲ್ ರೂಮಿನಲ್ಲಿ ಒಬ್ಬ ಎದ್ದು ನಿಂತು ಅಪ್ಪನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಹಣೆಗೆ ಕೈಯಿಟ್ಟು, ತಲೆಯ ಮೇಲಿನ ಫ್ಯಾನನ್ನು ನೋಡುತ್ತಾ, ಹದ್ದು ಬಂತು ಒತ್ತಿದೆ ಎಂದು ಅಣಕಿಸಿದ. ಎಲ್ಲರೂ ನಕ್ಕರು.

"ನಾನೂ ನಕ್ಕೆ ಸರ್. ಕಣ್ಣಲ್ಲಿ ನೀರು ಬರೋಷ್ಟು ನಕ್ಕೆ. ತಿರುಗಿ ನೋಡಿದ್ರೆ ಅಪ್ಪ ಬಾಗಿಲಲ್ಲಿ ನಿಂತಿದ್ರು. ಯಾವಾಗ ಇಳಿದು ಬಂದ್ರೋ ಗೊತ್ತಿಲ್ಲ. ನಂಗೇನೂ ಅನ್ಲಿಲ್ಲ. ನೀರಿನ ಬಾಟಲಿ ತುಂಬಿಸ್ಕೊಂಡು ಮತ್ತೆ ಮೇಲೆ ಹೋದ್ರು."

ಅವರು ಏನು ಕೇಳಿಸಿಕೊಂಡರು, ಯಾರು ನಕ್ಕದ್ದನ್ನು ನೋಡಿದರು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಕೆಲಸ ಬಿಡಿಸಿದರೆ ಮತ್ತೆ ಗೋಡೆ ನೋಡಿಕೊಂಡು ಕೂರುತ್ತಾರೆ. ಒತ್ತಬೇಡಿ ಎಂದರೆ ಕೇಳುವವರಲ್ಲ. ಗುಂಡಿ ಇರಲಿ, ದೀಪ ಹತ್ತಲಿ, ಲಿಂಕ್ ಹೋಗದಿರಲಿ. ಆಗ ಇನ್ನು ಯಾರೂ ನಗುವುದಿಲ್ಲ ಎಂದುಕೊಂಡು ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ತಂತಿ ಬಿಡಿಸಿದಳು. ಆ ಗುಡ್ಡದ ಹತ್ತಿರ ಸಣ್ಣ ವಿಮಾನ ಬಂದದ್ದು ಹದಿನಾಲ್ಕು ತಿಂಗಳಲ್ಲಿ ಒಂದೇ ಸಲ, ಈ ತಿಂಗಳ ಒಂಬತ್ತರಂದು. ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟು, ಇವತ್ತು ನಿಜವಾಗಿಯೂ ವಿಮಾನ ಬಂದಿತ್ತು ಕಣೇ, ಸರಿಯಾದ ಹೊತ್ತಿಗೆ ಒತ್ತಿದೆ ಎಂದಿದ್ದರು.

ಇನ್ಸ್‌ಪೆಕ್ಟರ್ ಪೆನ್ನು ಎತ್ತಿಕೊಂಡ. ಅವಳು ಅವನ ಕೈಯನ್ನೇ ನೋಡಿದಳು.

"ನಕ್ಕಿದ್ದು ಬರೀಬೇಡಿ. ಅಪ್ಪ ಪ್ರತಿ ಕಾಗದಾನೂ ಪೂರ್ತಿ ಓದ್ತಾರೆ."

ಮಗಳು ಗೆಲುವಿನ ಆಸೆಗೆ ತನ್ನನ್ನು ಮೂರು ವಾರ ಬೊಂಬೆಯ ಹಾಗೆ ಕೂರಿಸಿದಳು ಎಂದು ಅಪ್ಪ ತಿಳಿಯುವುದು ಒಳ್ಳೆಯದೋ, ತನ್ನನ್ನು ನೋಡಿ ನಕ್ಕಳು ಎಂದು ತಿಳಿಯುವುದು ಒಳ್ಳೆಯದೋ ಇನ್ಸ್‌ಪೆಕ್ಟರಿಗೆ ತೀರ್ಮಾನವಾಗಲಿಲ್ಲ. ಅವಳು ಮಾತ್ರ ತೀರ್ಮಾನಿಸಿಬಿಟ್ಟಿದ್ದಳು.

ದೋಷಾರೋಪ ಪಟ್ಟಿ ಮುಂದಿನ ತಿಂಗಳು ಕೋರ್ಟಿಗೆ ಹೋಯಿತು. ಮ್ಯಾನೇಜರನ ಹೆಸರನ್ನು ಇನ್ಸ್‌ಪೆಕ್ಟರ್ ಆರೋಪಿಗಳ ಸಾಲಿನಲ್ಲಿ ಬರೆದಿದ್ದ. ಮೇಲಿನಿಂದ ವಾಪಸ್ ಬಂದಾಗ ಅದು ಸಾಕ್ಷಿಗಳ ಸಾಲಿನಲ್ಲಿತ್ತು. ಮೊದಲನೆಯ ಸಾಕ್ಷಿ ಪೈಲಟ್, ಎರಡನೆಯ ಸಾಕ್ಷಿ ಆರೋಪಿಯ ತಂದೆ. ಕೃತ್ಯಕ್ಕೆ ಕಾರಣ ಎಂಬಲ್ಲಿ ದಫ್ತರನ ಅಕ್ಷರದಲ್ಲಿ ಒಂದೇ ಸಾಲಿದೆ: ಲಿಂಕ್ ಪರೀಕ್ಷೆಯನ್ನು ಯಶಸ್ವಿಗೊಳಿಸುವ ಏಕೈಕ ಉದ್ದೇಶದಿಂದ.